ರಾತ್ರಿ ವಾಪಸ್ ಬರುವ ಊರು

ನಮ್ಮ ಆಫೀಸಿನಲ್ಲಿ ಕೆಜಿಎಫ್ ಅಂದ್ರೆ ಯಶ್, ಅಷ್ಟೇ. ಅದೊಂದು ಊರು, ಬೆಂಗಳೂರಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿದೆ, ಅಲ್ಲಿ ಜನ ತರಕಾರಿ ಕೊಳ್ತಾರೆ, ಮಕ್ಕಳು ಟ್ಯೂಷನ್ನಿಗೆ ಹೋಗ್ತಾರೆ ಅನ್ನೋದು ಯಾರ ತಲೆಗೂ ಬರಲ್ಲ. ನನಗೆ ಮಾತ್ರ ಆ ಹೆಸರು ಸಿನಿಮಾಗಿಂತ ಎಷ್ಟೋ ಮೊದಲೇ ಗೊತ್ತಿತ್ತು. ನಾನು ಮಳವಳ್ಳಿ ಕಡೆಯ ಹಳ್ಳಿಯವನು. ನಮ್ಮೂರಿನಿಂದ ಶಿವನಸಮುದ್ರ ಹದಿನೈದು ಕಿಲೋಮೀಟರ್. ಸ್ಕೂಲಿನ ಟ್ರಿಪ್ ಅಂದ್ರೆ ನಮಗೆ ಗಗನಚುಕ್ಕಿ, ಭರಚುಕ್ಕಿ, ಚಿತ್ರಾನ್ನದ ಡಬ್ಬಿ. ಅಲ್ಲಿ ಮೇಷ್ಟ್ರು ಪವರ್‌ಹೌಸ್ ಕಡೆಗೆ ಕೋಲು ತೋರಿಸಿ ಪ್ರತಿ ವರ್ಷ ಒಂದೇ ಮಾತು ಹೇಳೋರು: "ಇಲ್ಲಿ ಹುಟ್ಟಿದ ಕರೆಂಟು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ."

ಅದು ನಿಜ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಶುರುವಾದ ಯೋಜನೆ. 1902ರ ಜೂನ್‌ನಲ್ಲಿ ಕಾವೇರಿಯ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಗಣಿಯ ಯಂತ್ರಗಳನ್ನು ತಿರುಗಿಸಿತು. ಆಗಿನ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ನಮ್ಮನೆಗೆ ಬಂದದ್ದು ಅಪ್ಪನ ಮದುವೆ ಆದ ಮೇಲೆ. ನಮ್ಮಜ್ಜಿ ಸಾಯುವ ತನಕ ಸ್ವಿಚ್ಚನ್ನು ನಂಬಲಿಲ್ಲ. ಕರೆಂಟಿದ್ದರೂ ಪಕ್ಕದಲ್ಲಿ ಸೀಮೆಎಣ್ಣೆ ಬುಡ್ಡಿ ಇಟ್ಟುಕೊಂಡೇ ಮಲಗೋಳು.

ಹೀಗಾಗಿ ಆಫೀಸಿನ ಗೆಳೆಯನೊಬ್ಬ "ಕೆಜಿಎಫ್‌ಗೆ ಒಂದು ದಿನದ ಹೆರಿಟೇಜ್ ಟ್ರಿಪ್ ಇದೆ, ಗೈಡ್ ಇರ್ತಾರೆ, ಬರ್ತೀಯಾ?" ಅಂದಾಗ ನಾನು ಎರಡನೇ ಮಾತಾಡಲಿಲ್ಲ. ನಮ್ಮೂರ ನೀರು ಯಾವ ಊರಿಗೆ ದೀಪ ಹಚ್ಚಿತ್ತು ಅಂತ ಒಮ್ಮೆ ನೋಡಬೇಕಿತ್ತು.

ಇನ್ನೊಂದು ವಿಷಯವೂ ತಲೆಯಲ್ಲಿತ್ತು, ಅದನ್ನೂ ಹೇಳಿಬಿಡ್ತೀನಿ. ಊರಿನಲ್ಲಿ ನಮ್ಮದೊಂದು ತೊಟ್ಟಿ ಮನೆ ಇದೆ. ಅಪ್ಪ ಹೋದ ಮೇಲೆ ಅವ್ವ ಮಂಡ್ಯದಲ್ಲಿ ಅಣ್ಣನ ಜೊತೆ ಇದ್ದಾಳೆ. ನಾಲ್ಕು ವರ್ಷದಿಂದ ಮನೆಗೆ ಬೀಗ. ಒಂದು ಕಡೆ ಹೆಂಚು ಜಾರಿದೆ, ಎರಡು ತೊಲೆಗೆ ಗೆದ್ದಲು ಹತ್ತಿದೆ. ಟ್ರಿಪ್ಪಿನ ಹಿಂದಿನ ವಾರ ಅಣ್ಣ ಫೋನ್ ಮಾಡಿದ್ದ. "ರೆಸಾರ್ಟ್ ಕಟ್ಟೋ ಪಾರ್ಟಿ ಒಬ್ರು ಬಂದಿದ್ರು ಕಣೋ. ಕಂಬ, ಬಾಗಿಲು, ತೊಲೆ ಎಲ್ಲ ಬಿಚ್ಚಿಕೊಂಡು ಹೋಗ್ತಾರಂತೆ, ಒಳ್ಳೆ ರೇಟು. ಸುಮ್ನೆ ಬಿದ್ದು ಮಣ್ಣಾಗೋದಕ್ಕಿಂತ ವಾಸಿ ಅಲ್ವಾ? ಯೋಚ್ನೆ ಮಾಡಿ ಹೇಳು." ನಾನು ಯೋಚನೆ ಮಾಡ್ತಾ ಇದ್ದೆ. ಅಂದ್ರೆ ಫೋನ್ ಮಾಡದೆ ದಿನ ತಳ್ತಾ ಇದ್ದೆ.

ಶನಿವಾರ ಬೆಳಗ್ಗೆ ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿದರೆ ಮಾಗಡಿ ರೋಡ್ ಆದ ಮೇಲೆ ರೈಲ್ವೆ ಸ್ಟೇಷನ್. ನಾವು ಎಂಟು ಜನ ಮಾರಿಕುಪ್ಪಂ ರೈಲು ಹಿಡಿದೆವು. ಬೋಗಿಯಲ್ಲಿ ಕಾಲು ಚಾಚಿ ಮಲಗುವಷ್ಟು ಜಾಗ. ದಾರಿಯಲ್ಲಿ ಎದುರಿನಿಂದ ಬೆಂಗಳೂರಿಗೆ ಹೋಗೋ ರೈಲು ಪಕ್ಕದ ಹಳಿಯ ಮೇಲೆ ಬಂದು ನಿಂತಿತು. ಅದರ ಬಾಗಿಲಲ್ಲೆಲ್ಲ ಜನ, ಬಾಗಿಲಿನ ಹಿಂದೆ ಜನ, ಸೀಟಿನ ಮಧ್ಯೆ ಪೇಪರ್ ಹಾಸಿ ಕೂತ ಜನ. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಬುತ್ತಿ. ಒಬ್ಬ ಹುಡುಗಿ ನಿಂತಲ್ಲೇ ಕಂಬಿಗೆ ತಲೆ ಆನಿಸಿ ನಿದ್ದೆ ಮಾಡ್ತಿದ್ದಳು. ನಮ್ಮ ಗುಂಪಿನಲ್ಲಿ ಯಾರೋ "ಇವತ್ತು ಏನಾದ್ರೂ ಹಬ್ಬನಾ?" ಅಂದರು.

ಬಂಗಾರಪೇಟೆಯಲ್ಲಿ ಮುಖ್ಯ ಮಾರ್ಗ ಬಿಟ್ಟು ರೈಲು ಸಣ್ಣ ಕವಲಿಗೆ ತಿರುಗುತ್ತೆ. ಕೋರಮಂಡಲ, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಈ ಕವಲನ್ನು ಗಣಿಗೋಸ್ಕರವೇ ಹಾಕಿದ್ದು, 1894ರಲ್ಲಿ. ಕಲ್ಲಿದ್ದಲು, ಮರ, ಯಂತ್ರ ಎಲ್ಲ ಬರಬೇಕಿತ್ತಲ್ಲ. ಈ ರೈಲಿನ ವಿಷಯ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ನಮ್ಮ ಗೈಡ್ ಸ್ಟೇಷನ್ ಹೊರಗೆ ಕಾಯ್ತಾ ಇದ್ದರು. ಎಪ್ಪತ್ತರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೈಯಲ್ಲಿ ಛತ್ರಿ. ಗಣಿಯೊಳಗೆ ಇಪ್ಪತ್ತಾರು ವರ್ಷ ಮರದ ಆಸರೆ ಕಟ್ಟುವ ಗ್ಯಾಂಗಿನಲ್ಲಿದ್ದವರು. ತಮಿಳಿನ ಎಳೆ ಇರುವ ಕನ್ನಡ, ನಡುನಡುವೆ ಗಣಿಯ ಇಂಗ್ಲಿಷು. ಮೊದಲೇ ಹೇಳಿಬಿಟ್ಟರು: "ಸಾರ್, ಸಿನಿಮಾ ಕೇಳ್ಬೇಡಿ. ಅದ್ರಲ್ಲಿ ಇರೋದು ಇಲ್ಲಿ ಒಂದೂ ಇಲ್ಲ. ಇಲ್ಲಿ ಇರೋದು ಅದ್ರಲ್ಲಿ ಒಂದೂ ಇಲ್ಲ."

ಮೊದಲು ಕರೆದುಕೊಂಡು ಹೋಗಿದ್ದು ಬಂಗಲೆಗಳ ಕಡೆಗೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಅನ್ನುವ ಇಂಗ್ಲಿಷ್ ಕಂಪನಿ ಇಲ್ಲಿಗೆ ಬಂತು. ಅದರ ಹಿಂದೆ ಇಂಗ್ಲೆಂಡಿನ ಎಂಜಿನಿಯರುಗಳು, ಆಂಗ್ಲೋ ಇಂಡಿಯನ್ನರು, ಕ್ಲಬ್ಬು, ಗಾಲ್ಫ್ ಮೈದಾನ, ಚರ್ಚು ಎಲ್ಲ ಬಂದವು. ಊರಿಗೆ 'ಲಿಟ್ಲ್ ಇಂಗ್ಲೆಂಡ್' ಅನ್ನೋ ಅಡ್ಡಹೆಸರು ಬಿತ್ತು. ಈಗ ಬಂಗಲೆಯ ಮಾಡಿನಿಂದ ಅರಳಿ ಗಿಡ ಎದ್ದಿದೆ. ಕಿಟಕಿಯ ಚೌಕಟ್ಟು ಯಾರೋ ಕಿತ್ತುಕೊಂಡು ಹೋಗಿದ್ದಾರೆ. ಒಂದು ವರಾಂಡದಲ್ಲಿ ಮದುವೆಗೆ ಮುಂಚಿನ ಫೋಟೋ ಶೂಟ್ ನಡೀತಿತ್ತು. ಹುಡುಗಿ ಕೆಂಪು ಗೌನ್, ಹುಡುಗ ಸಸ್ಪೆಂಡರ್. ಫೋಟೋಗ್ರಾಫರ್ "ಸರ್, ಆ ಬಿದ್ದ ಗೋಡೆ ಪಕ್ಕ ಬನ್ನಿ, ಟೆಕ್ಸ್ಚರ್ ಸಖತ್ತಾಗಿದೆ" ಅಂತಿದ್ದ. ನಮ್ಮವರೂ ಫೋನ್ ತೆಗೆದರು.

ನನಗೆ ಅಲ್ಲಿ ಕಣ್ಣು ಹೋಗಿದ್ದು ತೊಲೆಯ ತುದಿಗೆ. ಗೋಡೆಯೊಳಗೆ ಕೂತ ಜಾಗದಲ್ಲಿ ಮರ ಪುಡಿಯಾಗಿತ್ತು. ನೀರು ಮೊದಲು ಇಳಿಯೋದು ಅಲ್ಲೇ. ಹಳ್ಳಿ ಮನೆಯಲ್ಲಿ ಬೆಳೆದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ಹೆಂಚು ಜಾರಿದರೆ ಆ ಮಳೆಗಾಲ ಗೋಡೆ ತೇವ, ಮುಂದಿನ ಮಳೆಗಾಲ ತೊಲೆ, ಮೂರನೇದಕ್ಕೆ ಮಾಡು ಕೆಳಗೆ. ಒಬ್ಬರು ವರ್ಷಕ್ಕೊಂದು ಸಲ ಏಣಿ ಹತ್ತಿ ಹೆಂಚು ಕೈಯಾಡಿಸಿದರೆ ನೂರು ವರ್ಷ ನಿಲ್ಲೋ ಮನೆ, ಹತ್ತದೇ ಇದ್ದರೆ ಮೂರು ವರ್ಷಕ್ಕೆ ಟೆಕ್ಸ್ಚರ್ ಆಗುತ್ತೆ.

ಆಮೇಲೆ ಶಾಫ್ಟ್ ನೋಡಿದೆವು, ಬೇಲಿಯ ಹೊರಗಿನಿಂದ. ಕಬ್ಬಿಣದ ಎತ್ತರದ ಗೋಪುರ, ತುದಿಯಲ್ಲಿ ದೊಡ್ಡ ಚಕ್ರ, ತುಕ್ಕು. ಆ ಚಕ್ರದ ಮೇಲಿನ ಹಗ್ಗಕ್ಕೆ ಕೇಜ್ ಕಟ್ಟಿ ಜನರನ್ನು ಕೆಳಗೆ ಇಳಿಸ್ತಿದ್ದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತಲೂ ಆಳ. ಒಂದು ಕಾಲಕ್ಕೆ ಜಗತ್ತಿನ ಅತಿ ಆಳದ ಗಣಿಗಳಲ್ಲಿ ಒಂದು. ಅಷ್ಟು ಕೆಳಗೆ ಬಂಡೆಯೇ ಅರವತ್ತು ಡಿಗ್ರಿ ಮೀರಿ ಕಾದಿರುತ್ತೆ. ತಣ್ಣನೆ ಗಾಳಿ ಮೇಲಿನಿಂದ ತಳ್ಳಬೇಕು. ಮೇಲಿನ ಬೆಟ್ಟದ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವುದೂ ಉಂಟು, ಅದಕ್ಕೆ ಗಣಿಯವರು ಏರ್ ಬ್ಲಾಸ್ಟ್ ಅಂತಿದ್ದರು.

"ಕೆಳಗೆ ಸಿಡಿದ್ರೆ ಮೇಲೆ ಮನೇಲಿ ಪಾತ್ರೆ ಅಲ್ಲಾಡೋದು ಸಾರ್," ಅಂದರು ಗೈಡ್. "ಪಾತ್ರೆ ಅಲ್ಲಾಡಿದ್ರೆ ಹೆಂಗಸ್ರು ಎಲ್ಲ ಶಾಫ್ಟ್ ಹತ್ರ ಓಡಿ ಬರೋರು. ಕೇಜ್ ಮೇಲೆ ಬರೋ ತನಕ ಯಾರೂ ಮಾತಾಡ್ತಿರ್ಲಿಲ್ಲ."

ಅವರು ಇದನ್ನು ಹೇಳುವಾಗ ದನಿ ಏರಲಿಲ್ಲ. ಅದಾದ ಮೇಲೆ ನಮ್ಮಲ್ಲೂ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ನನಗೆ ತುಂಬಾ ಇಷ್ಟವಾದ ಕತೆ ಚಿನ್ನದ್ದಲ್ಲ. 1960ರ ದಶಕದಲ್ಲಿ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯದವರ ಜೊತೆ ಸೇರಿ ಇದೇ ಗಣಿಯಲ್ಲಿ ಎರಡು ಕಿಲೋಮೀಟರಿಗಿಂತ ಕೆಳಗೆ ಉಪಕರಣ ಇಟ್ಟರು. ಆಕಾಶದಿಂದ ಬರುವ ಬೇರೆ ಕಣಗಳನ್ನೆಲ್ಲ ಮೇಲಿನ ಬಂಡೆ ತಡೆಯುತ್ತೆ, ನ್ಯೂಟ್ರಿನೊ ಮಾತ್ರ ದಾಟಿ ಬರುತ್ತೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಜಗತ್ತಿನಲ್ಲೇ ಮೊದಲು ಸಿಕ್ಕಿದ್ದು 1965ರಲ್ಲಿ, ಇಲ್ಲಿ ಮತ್ತು ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ, ಹೆಚ್ಚುಕಡಿಮೆ ಒಂದೇ ಸಮಯಕ್ಕೆ. ಬಿಇ ಮಾಡುವಾಗ ಭೌತಶಾಸ್ತ್ರದ ಪುಸ್ತಕ ಉರು ಹೊಡೆದವನು ನಾನು. ಇದು ನೂರು ಕಿಲೋಮೀಟರ್ ಆಚೆ ನಡೆದದ್ದು ಅಂತ ಒಬ್ಬ ಲೆಕ್ಚರರೂ ಹೇಳಿರಲಿಲ್ಲ.

ಇನ್ನೊಂದು ಕತೆ ನಮ್ಮ ಕೆಲಸಕ್ಕೆ ಹತ್ತಿರದ್ದು. 1930ರಲ್ಲಿ ಗಣಿ ಕಾರ್ಮಿಕರು 21 ದಿನ ಕೆಲಸ ನಿಲ್ಲಿಸಿದರು. ಹೊಸ ನೋಂದಣಿ ಪದ್ಧತಿಯಲ್ಲಿ ಎಲ್ಲರ ಬೆರಳಚ್ಚು ತೆಗೆದುಕೊಳ್ಳೋದಕ್ಕೆ ಹೊರಟದ್ದೇ ಕಾರಣ. ಬೆರಳಚ್ಚು ಕಳ್ಳರದ್ದು ತೆಗೆಯೋದು, ನಾವು ಕಳ್ಳರಾ ಅಂತ ಅವರ ಪ್ರಶ್ನೆ. ಇದನ್ನು ಕೇಳ್ತಾ ನಮ್ಮ ಎಂಟು ಜನರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದಿನಕ್ಕೆ ನಾಲ್ಕು ಸಲ ಆಫೀಸಿನ ಬಾಗಿಲಿಗೆ ಬೆರಳು ಒತ್ತುವವರು ನಾವು. ಕ್ಯಾಂಟೀನಿಗೆ ಹೋದ ಹೊತ್ತೂ ಎಲ್ಲೋ ದಾಖಲಾಗುತ್ತೆ. ಕಾಫಿ ಕುಡೀತಾ ಬೈದುಕೊಳ್ಳೋದು ಬಿಟ್ಟರೆ ನಾವು ಏನೂ ಮಾಡಿಲ್ಲ.

ಮಧ್ಯಾಹ್ನ ಸೈನೈಡ್ ದಿಬ್ಬ. ಕಲ್ಲನ್ನು ಹಿಟ್ಟಿನಷ್ಟು ನುಣ್ಣಗೆ ಅರೆದು, ಸೈನೈಡ್ ನೀರಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣನ್ನು ನೂರು ವರ್ಷ ಸುರಿದು ಸುರಿದು ಆದ ಗುಡ್ಡಗಳು. ಅಂಥವು 13 ಇವೆ, ಸಾವಿರ ಎಕರೆಯಷ್ಟು ಜಾಗದಲ್ಲಿ. ಬೇಸಿಗೆಯಲ್ಲಿ ಗಾಳಿ ಬೀಸಿದರೆ ಈ ಪುಡಿ ಊರಿನ ಮೇಲೆ ಹೋಗುತ್ತೆ, ಒಣಗಲು ಹಾಕಿದ ಬಟ್ಟೆ ಬೂದು ಬಣ್ಣ ಆಗುತ್ತೆ. ಈ ಮಣ್ಣಿನಲ್ಲೂ ಚೂರುಪಾರು ಚಿನ್ನ ಉಳಿದಿದೆ. ಅದನ್ನು ಮತ್ತೆ ತೆಗೆಯೋ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. "ಆಗುತ್ತಾ ಅಂಕಲ್?" ಅಂತ ನನ್ನ ಗೆಳೆಯ ಕೇಳಿದ. ಗೈಡ್ ಛತ್ರಿ ಬಿಚ್ಚಿದರು. "ಇಪ್ಪತ್ತು ವರ್ಷದಿಂದ ಪ್ರತಿ ಎಲೆಕ್ಷನ್‌ಗೂ ಗಣಿ ಓಪನ್ ಆಗುತ್ತೆ ಸಾರ್," ಅಂದರು.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಷ್ಟರಲ್ಲಿ ಅದು ಇಂಗ್ಲಿಷರ ಕೈಯಿಂದ 1956ರಲ್ಲಿ ಮೈಸೂರು ಸರ್ಕಾರಕ್ಕೆ, ಅಲ್ಲಿಂದ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಅನ್ನುವ ಕಂಪನಿಗೆ ಬಂದಿತ್ತು. ಒಟ್ಟು 120 ವರ್ಷದಲ್ಲಿ ತೆಗೆದ ಚಿನ್ನ ಸುಮಾರು 800 ಟನ್. ಕೊನೆ ಕೊನೆಗೆ ಒಂದು ಟನ್ ಕಲ್ಲು ಅರೆದರೆ ಮೂರು ಗ್ರಾಂ ಸಿಗುವುದೂ ಕಷ್ಟವಾಯಿತು. ಮಾರುವ ಬೆಲೆಗಿಂತ ತೆಗೆಯುವ ಖರ್ಚು ಜಾಸ್ತಿ. ಮಾರ್ಚ್ 1ರ ಬೆಳಗ್ಗೆ ಸೈರನ್ ಆಗಲಿಲ್ಲ. "ನಾನು ಅಭ್ಯಾಸಕ್ಕೆ ಎದ್ದು ಕೂತೆ," ಅಂದರು ಗೈಡ್. ಆಗ ಅವರಿಗೆ ನಲವತ್ತಾರು. ಗೊತ್ತಿದ್ದ ಕೆಲಸ ಒಂದೇ, ಭೂಮಿಯೊಳಗೆ ಮರ ನಿಲ್ಲಿಸೋದು.

ನಾವು ಎಂಟು ಜನರಲ್ಲಿ ಇಬ್ಬರ ಟೀಮಿನಲ್ಲಿ ಆ ತಿಂಗಳಷ್ಟೇ ಅರ್ಧ ಜನರನ್ನು ಮನೆಗೆ ಕಳಿಸಿದ್ದರು. ಒಂದೇ ಕಸುಬು ನಂಬಿದ ಊರು ಅಂದಾಗ ಬರೀ ಚರಿತ್ರೆ ಅಂತ ಕೇಳಿಸಿಕೊಳ್ಳೋಕೆ ಯಾರಿಗೂ ಆಗಲಿಲ್ಲ. ವೈಟ್‌ಫೀಲ್ಡಿನ ಗಾಜಿನ ಕಟ್ಟಡಗಳ ಮೇಲೆ ಅರಳಿ ಗಿಡ ಹುಟ್ಟಿದರೆ ಹೇಗಿರುತ್ತೆ ಅಂತ ಯಾರೋ ಜೋಕ್ ಮಾಡಿದರು. ಯಾರೂ ನಗಲಿಲ್ಲ.

ಟ್ರಿಪ್ಪಿನ ಪಟ್ಟಿಯಲ್ಲಿ ಕೊನೆಗೆ 'ಮೈನರ್ಸ್ ಲೈನ್ಸ್' ಅಂತಿತ್ತು. ಗಣಿ ಕಾರ್ಮಿಕರಿಗೆ ಕಟ್ಟಿದ ಸಾಲು ಮನೆಗಳು. ಒಂದಕ್ಕೊಂದು ಬೆನ್ನು ಹಚ್ಚಿದ ಪುಟ್ಟ ಪುಟ್ಟ ಮನೆ, ಮುಂದೆ ನಲ್ಲಿ, ಕೊಡಗಳ ಸಾಲು. ಆರ್ಕಾಟ್, ಚಿತ್ತೂರು ಕಡೆಯಿಂದ ಬಂದವರು, ಬಹುಪಾಲು ದಲಿತರು, ಇಲ್ಲೇ ನಾಲ್ಕೈದು ತಲೆಮಾರು ಕಳೆದಿದ್ದಾರೆ. ಬಂಗಲೆಗಳ ನಂತರ ನಾವು ಇಲ್ಲೂ ಇನ್ನೊಂದಿಷ್ಟು ಬಿದ್ದ ಗೋಡೆ ಕಾಣುತ್ತೆ ಅಂದುಕೊಂಡು ಬಂದಿದ್ದೆವು. ಗೋಡೆ ಬಿದ್ದಿರಲಿಲ್ಲ. ತಗಡಿನ ಮಾಡಿಗೆ ನೀಲಿ ಟಾರ್ಪಾಲು, ಅದರ ಮೇಲೆ ಹಾರಬಾರದು ಅಂತ ಕಲ್ಲು. ಬಾಗಿಲಿಗೆ ಹೊಸ ಪೇಂಟು, ರಂಗೋಲಿ, ಗೂಡಿನಲ್ಲಿ ಅಂಬೇಡ್ಕರ್ ಫೋಟೋ, ಪಕ್ಕದ ಮನೆಯಲ್ಲಿ ಮೇರಿ ಮಾತೆ. ಇಂಗ್ಲೆಂಡಿನವರ ಸುಣ್ಣದ ಬಂಗಲೆ ಬಿದ್ದಿದೆ, ಈ ತಗಡಿನ ಮನೆ ನಿಂತಿದೆ. ಇಲ್ಲಿ ಪ್ರತಿ ಮಳೆಗೂ ಒಬ್ಬರು ಏಣಿ ಹತ್ತುತ್ತಾರೆ, ಅಷ್ಟೇ ವ್ಯತ್ಯಾಸ.

ನಮ್ಮಲ್ಲಿ ಒಬ್ಬಳು ಫೋನ್ ಎತ್ತಿದಳು. ಪಾತ್ರೆ ತೊಳೀತಿದ್ದ ಒಬ್ಬ ಅಮ್ಮ ತಲೆ ಎತ್ತಿ ತಮಿಳಿನಲ್ಲಿ ಏನೋ ಅಂದರು. ಗೈಡ್ ನಕ್ಕು ಕನ್ನಡದಲ್ಲಿ ಹೇಳಿದರು: "ಮಕ್ಕಳು ರಾತ್ರಿ ಬರ್ತಾರೆ, ಆಗ ತೆಗೀರಿ, ಮನೆ ತುಂಬಿರುತ್ತೆ ಅಂತಿದ್ದಾರೆ."

ಆಗ ನಾನು ಕೇಳಿದೆ. ಗಣಿ ಮುಚ್ಚಿ ಇಷ್ಟು ವರ್ಷ ಆಯ್ತಲ್ಲ, ಜನ ಊರು ಬಿಟ್ಟು ಬೆಂಗಳೂರಿಗೆ ಯಾಕೆ ಹೋಗಲಿಲ್ಲ?

"ಹೋಗ್ತಾರಲ್ಲ ಸಾರ್, ದಿನಾ ಹೋಗ್ತಾರೆ. ನಾಲ್ಕು ಗಂಟೆಗೆ ಏಳೋದು, ರೈಲು ಹತ್ತೋದು. ನನ್ನ ಮಗಳೂ ಹೋಗ್ತಾಳೆ, ಹನ್ನೆರಡು ವರ್ಷ ಆಯ್ತು. ರಾತ್ರಿ ಒಂಬತ್ತಕ್ಕೆ ವಾಪಸ್. ಅಲ್ಲಿ ಬಾಡಿಗೆ ಕೊಟ್ರೆ ಕೈಯಲ್ಲಿ ಏನು ಉಳಿಯುತ್ತೆ? ಇಲ್ಲಿ ತಿಂಗಳ ಪಾಸ್ ಇದೆ, ಮನೆ ಇದೆ." ಸ್ವಲ್ಪ ನಿಂತು ಸೇರಿಸಿದರು. "ಕಷ್ಟ ಇದೆ. ಮಗಳಿಗೆ ಸೊಂಟ ನೋವು. ಆದ್ರೆ ಹೋದೋರು ಬರ್ತಾರೆ."

ಬೆಳಗ್ಗೆ ಪಕ್ಕದ ಹಳಿಯ ಮೇಲೆ ನಿಂತಿದ್ದ ರೈಲು ಯಾವ ಹಬ್ಬಕ್ಕೆ ಹೋಗ್ತಿತ್ತು ಅಂತ ಈಗ ಎಲ್ಲರಿಗೂ ಗೊತ್ತಾಯಿತು. ನಮ್ಮ ಆಫೀಸಿನ ಹೌಸ್‌ಕೀಪಿಂಗಿನಲ್ಲಿ, ಮಾಲ್‌ಗಳ ಕೌಂಟರಿನಲ್ಲಿ, ಆಸ್ಪತ್ರೆಯ ನರ್ಸುಗಳಲ್ಲಿ, ಪೀಣ್ಯದ ಕಾರ್ಖಾನೆಗಳಲ್ಲಿ, ನಮ್ಮ ಪಕ್ಕದ ಕ್ಯುಬಿಕಲ್‌ನಲ್ಲೂ ಈ ರೈಲಿನವರು ಇದ್ದಾರೆ.

ವಾಪಸ್ ಬರುವಾಗ ನನ್ನ ತಲೆಯಲ್ಲಿ ಒಂದೇ ಲೆಕ್ಕ ಓಡ್ತಿತ್ತು. ಬೆಂಗಳೂರಿಂದ ಕೆಜಿಎಫ್ ನೂರು ಕಿಲೋಮೀಟರ್. ಬೆಂಗಳೂರಿಂದ ನಮ್ಮೂರೂ ಹೆಚ್ಚುಕಡಿಮೆ ನೂರೇ. ಅವರ ಊರಿನ ಕೆಲಸ ಹೋಯಿತು, ನಮ್ಮೂರಿನಲ್ಲೂ ಮಳೆ ನಂಬಿದ ಒಂದೂವರೆ ಎಕರೆಯಲ್ಲಿ ಇಬ್ಬರು ಮಕ್ಕಳು ಬದುಕೋ ಹಾಗಿರಲಿಲ್ಲ. ಆದರೂ ಅವರ ಸಾಲು ಮನೆಯಲ್ಲಿ ರಾತ್ರಿ ದೀಪ ಉರಿಯುತ್ತೆ, ನಮ್ಮ ಬೀದಿಯ ಹನ್ನೊಂದು ಮನೆಗಳಲ್ಲಿ ಆರಕ್ಕೆ ಬೀಗ. ಅವರಿಗೆ ಊರಿನ ಮೇಲೆ ಪ್ರೀತಿ ಜಾಸ್ತಿ, ನಮಗೆ ಕಡಿಮೆ ಅಂತ ಇದಕ್ಕೆ ಭಾವುಕವಾಗಿ ಉತ್ತರ ಹೇಳಬಹುದು. ಅದು ಸುಳ್ಳು. ಊರ ಹಬ್ಬಕ್ಕೆ ಬಂದ ನಮ್ಮೂರ ಹುಡುಗರು ಸೋಮವಾರ ಬೆಳಗಿನ ಜಾವ ಬಸ್ಸು ಹತ್ತುವಾಗ ಹೇಗೆ ನಿಂತಿರ್ತಾರೆ ಅಂತ ನೋಡಿದವನು ನಾನು.

ವ್ಯತ್ಯಾಸ ರೈಲಿನದ್ದು. 1894ರಲ್ಲಿ ಚಿನ್ನಕ್ಕಾಗಿ ಹಾಕಿದ ಹಳಿ ಚಿನ್ನ ಮುಗಿದ ಮೇಲೂ ಉಳಿಯಿತು. ಹೊತ್ತುಕೊಂಡು ಹೋದ ಚಿನ್ನದಲ್ಲಿ ಒಂದು ಗ್ರಾಮೂ ಆ ಸಾಲು ಮನೆಗಳಲ್ಲಿಲ್ಲ, ಆದರೆ ಆ ಹಳಿಯ ಮೇಲೆ ಇವತ್ತಿಗೂ ಸಾವಿರಾರು ಜನ ಬೆಳಗ್ಗೆ ಹೋಗಿ ರಾತ್ರಿ ಬರ್ತಾರೆ. ನಮ್ಮ ಕಡೆಗೆ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ ಮೇಲೆ ಚಾಮರಾಜನಗರಕ್ಕೆ ರೈಲು ಅಂತ 1990ರ ದಶಕದಲ್ಲೇ ಮಂಜೂರಾಗಿತ್ತು. ನಾನು ಆಗ ಸ್ಕೂಲಿನಲ್ಲಿದ್ದೆ. "ನೀನು ಕಾಲೇಜಿಗೆ ಹೋಗೋ ಹೊತ್ತಿಗೆ ರೈಲಲ್ಲೇ ಹೋಗ್ಬೋದು ಕಣ್ಲಾ" ಅಂತ ಅಪ್ಪ ಹೇಳ್ತಿದ್ದ. ಕಾಲೇಜು ಮುಗೀತು, ಕೆಲಸಕ್ಕೆ ಸೇರಿದೆ, ಅಪ್ಪನೂ ಹೋದ. ರೈಲು ಬರಲಿಲ್ಲ. ನಮ್ಮೂರ ನೀರು ತಂತಿಯಲ್ಲಿ 147 ಕಿಲೋಮೀಟರ್ ಓಡಿ ಇನ್ನೊಂದು ಊರು ತಲುಪಿ ನೂರಿಪ್ಪತ್ತು ವರ್ಷ ದಾಟಿತು.

ಪಾಳು ಬಿದ್ದ ಊರು ನೋಡೋಕೆ ಅಂತ ಟಿಕೆಟ್ ತೆಗೆಸಿ ಹೋದವರು ನಾವು. ಯಾವ ಊರು ಪಾಳು ಅನ್ನೋದನ್ನು ಬಿದ್ದ ಗೋಡೆ ಎಣಿಸಿ ಹೇಳೋದು ಕಷ್ಟ. ಸಂಜೆ ಎಷ್ಟು ಜನ ಬಂದು ಬೀಗ ತೆಗೀತಾರೆ ಅಂತ ನೋಡಿದರೆ ಗೊತ್ತಾಗುತ್ತೆ. ಆ ಲೆಕ್ಕದಲ್ಲಿ ಕೆಜಿಎಫ್‌ಗೆ ಹೆರಿಟೇಜ್ ಟ್ರಿಪ್ ಬೇಕಾಗಿಲ್ಲ. ಇನ್ನೂ ನಾಲ್ಕು ಬೋಗಿ ಜಾಸ್ತಿ ಕೊಟ್ಟರೆ ಸಾಕು, ಆ ಹುಡುಗಿ ಕೂತು ನಿದ್ದೆ ಮಾಡಬಹುದು.

ಮಾರನೇ ದಿನ ಅಣ್ಣನಿಗೆ ಫೋನ್ ಮಾಡಿದೆ. ಕಂಬ ಮಾರೋದು ಬೇಡ, ಈ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಿ ಎರಡು ತೊಲೆ ಬದಲಾಯಿಸೋಣ, ದುಡ್ಡು ನಾನು ಹಾಕ್ತೀನಿ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಮಾಡಿಸ್ಬೋದು. ಆದ್ರೆ ಅಲ್ಲಿ ಮಲಗೋರು ಯಾರೋ?" ಅಂದ. ಅವನು ಕೇಳಿದ್ದರಲ್ಲಿ ನ್ಯಾಯ ಇದೆ. ನನ್ನ ಹತ್ತಿರ ಪೂರ್ತಿ ಉತ್ತರ ಇರಲಿಲ್ಲ. ಕಂಪನಿಯಲ್ಲಿ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡೋದಕ್ಕೆ ಅವಕಾಶ ಇದೆ, ಶುಕ್ರವಾರ, ಸೋಮವಾರ ತಗೊಂಡರೆ ತಿಂಗಳಿಗೊಂದು ಸಲ ನಾಲ್ಕು ರಾತ್ರಿ ಊರಲ್ಲಿ ಕಳೀಬಹುದು ಅಂದೆ. ನೆಟ್‌ವರ್ಕ್ ಸಿಗೋದು ಜಗುಲಿಯ ಆ ತುದಿಯಲ್ಲಿ ಮಾತ್ರ, ಅಲ್ಲೇ ಕೂರ್ತೀನಿ.

ಹಿಂದಿನಿಂದ ಅವ್ವನ ದನಿ ಕೇಳಿಸಿತು. "ಬರೋ ಹಂಗಿದ್ರೆ ಮೊದ್ಲೇ ಹೇಳು ಮಗಾ. ನಾನು ಮುಂಚೆ ಹೋಗಿ ಗುಡಿಸ್ತೀನಿ."